ಮುಟ್ಟು ನಿಂತು ಎಂಟು ವರ್ಷ ಆದ್ರೂ ಬಿಸಿ ಇಳಿದಿಲ್ಲ, ಇದು ಯಾವಾಗ ಮುಗಿಯುತ್ತೆ ಡಾಕ್ಟ್ರೇ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಊರು ಮಾತ್ರ ಬೇರೆ ಬೇರೆ. ಠಾಣೆ, ಮುಲುಂಡ್, ವಸಾಯಿ, ಪನ್ವೇಲ್. ಮುಟ್ಟು ನಿಂತು ಐದು ವರ್ಷ ಆಯ್ತು, ಏಳು ವರ್ಷ ಆಯ್ತು, ಇನ್ನೂ ಮೈಗೆ ಬಿಸಿ ಏರುತ್ತೆ, ರಾತ್ರಿ ನಿದ್ದೆ ಇಲ್ಲ, 'ಎರಡು ವರ್ಷದಲ್ಲಿ ತಾನಾಗೇ ಹೋಗುತ್ತೆ' ಅಂದಿದ್ರು ಹೋಗ್ಲಿಲ್ಲ, ನನಗೇನಾದ್ರೂ ದೊಡ್ಡ ಕಾಯಿಲೆನಾ. ಮೆನೋಪಾಸ್ ಅಂದ್ರೇನು, ಯಾಕಾಗುತ್ತೆ ಅಂತ ಇಲ್ಲಿ ಬರೆಯಲ್ಲ, ಅದು ಎಲ್ರಿಗೂ ಗೊತ್ತು. ಆದ್ರೆ ಆ 'ಎರಡು ವರ್ಷ' ಅನ್ನೋ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ, ಅದಕ್ಕೇ ಒಂದು ಪತ್ರಕ್ಕೆ ಬಹುಪಾಲು ಜಾಗ ಕೊಡ್ತಿದೀನಿ.

ಪ್ರಶ್ನೆ: ಡಾಕ್ಟ್ರೇ, ನನಗೆ 55. ಡೊಂಬಿವಲಿಯಲ್ಲಿ ಮನೆ, ದಾದರ್‌ನಲ್ಲಿ ಕೆಲ್ಸ. 47ಕ್ಕೆ ಮುಟ್ಟು ನಿಂತಿತು, ಅದಕ್ಕೂ ಎರಡು ವರ್ಷ ಮುಂಚೆನೇ ಬಿಸಿ ಏರೋದು ಶುರುವಾಗಿತ್ತು. ಈಗ್ಲೂ ದಿನಕ್ಕೆ ಏಳೆಂಟು ಸಲ, ರಾತ್ರಿ ಮೂರು ನಾಲ್ಕು ಸಲ ನೈಟಿ ಒದ್ದೆ. ಬಿಪಿ ಮಾತ್ರೆ ತಗೋತೀನಿ. ಡಾಕ್ಟರ ಹತ್ರ ಹೋದ್ರೆ ವಯಸ್ಸಾಯ್ತು ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು. ಚಿಕ್ಕಮ್ಮನಿಗೆ 70ರಲ್ಲಿ ಸ್ತನದ ಕ್ಯಾನ್ಸರ್ ಆಗಿತ್ತು, ಹಾಗಾಗಿ ಹಾರ್ಮೋನ್ ಅಂದ್ರೆ ಭಯ. ಬೆಳಗಿನ ಲೋಕಲ್ ರೈಲಲ್ಲಿ ಬಿಸಿ ಏರಿದಾಗ ಬಾಗಿಲಲ್ಲಿ ನಿಂತ್ಕೋತೀನಿ, ಗಾಳಿಗೆ ಬೆವರು ಆರುತ್ತೆ. ಮನೆಯಲ್ಲಿ ಹೇಳಿದ್ರೆ ಇನ್ನೂ ಮುಗಿದಿಲ್ವಾ ನಿಂದು ಅಂತಾರೆ. ಯಾರ ಹತ್ರ ಹೇಳ್ಕೊಳ್ಳೋದು?

ಉತ್ತರ: ಮೊದ್ಲು ಆ ಬಾಗಿಲು ಬಿಡಿ. ನಾಳೆಯಿಂದಾನೇ. ಬಿಸಿ ಏರಿದಾಗ ತಲೆ ಸುತ್ತೋದೂ ಇರುತ್ತೆ, ಎದೆ ಡವಡವ ಅನ್ನೋದೂ ಇರುತ್ತೆ, ಅಂಥ ಹೊತ್ತಲ್ಲಿ ಓಡೋ ಲೋಕಲ್ ಬಾಗಿಲಲ್ಲಿ ನೀವು ಕಂಬಿ ಹಿಡ್ಕೊಂಡು ನಿಂತಿರ್ತೀರಿ ಅಂತ ಓದಿ ನನಗೆ ಕೈಕಾಲು ತಣ್ಣಗಾಯ್ತು. ಚಿಕಿತ್ಸೆ ಹಿಡಿಯೋ ತನಕ ಎರಡು ಮೂರು ತಿಂಗಳು ಎಸಿ ಲೋಕಲ್ ಪಾಸ್ ತೆಗೆಸಿ, ದುಡ್ಡು ಜಾಸ್ತಿ, ನನಗೆ ಗೊತ್ತು, ಆದ್ರೂ ತೆಗೆಸಿ. ಅದಾಗಲ್ಲ ಅಂದ್ರೆ ಹಿಂದಿನ ಸ್ಲೋ ಗಾಡಿ ಹಿಡಿದು ಕೂತು ಹೋಗಿ. ಲೇಟಾದ್ರೆ ಆಗ್ಲಿ.

ಈಗ ವರ್ಷದ ಲೆಕ್ಕ. ಅಮೆರಿಕದಲ್ಲಿ ಸ್ವಾನ್ ಅಂತ ಒಂದು ಅಧ್ಯಯನ, ಸಾವಿರಾರು ಹೆಂಗಸರನ್ನ ವರ್ಷಗಟ್ಟಲೆ ಹಿಂಬಾಲಿಸಿ ಬರ್ಕೊಂಡ್ರು, 2015ರಲ್ಲಿ ಫಲಿತಾಂಶ ಬಂತು. ಪದೇ ಪದೇ ಬಿಸಿ ಏರೋ ಹೆಂಗಸರಲ್ಲಿ ಅರ್ಧ ಜನಕ್ಕೆ ಅದು 7.4 ವರ್ಷಕ್ಕಿಂತ ಹೆಚ್ಚು ಇತ್ತು. ನಿಮ್ಮ ಹಾಗೆ ಮುಟ್ಟು ನಿಲ್ಲೋ ಮೊದ್ಲೇ ಶುರುವಾದವರ ಪಾಡು ಇನ್ನೂ ಕಷ್ಟ, ಅವರಲ್ಲಿ ಅರ್ಧ ಜನಕ್ಕೆ 11.8 ವರ್ಷ ದಾಟಿತ್ತು. ಹಾಗಾಗಿ ಹತ್ತು ವರ್ಷ ಆದ್ರೂ ಹೋಗಿಲ್ಲ ಅಂದ್ರೆ ನಿಮ್ಮಲ್ಲಿ ಏನೋ ಕೊರತೆ ಇದೆ, ಮನಸ್ಸು ಗಟ್ಟಿ ಇಲ್ಲ ಅಂತಲ್ಲ, ನೀವು ಮೊದ್ಲು ಶುರುವಾದ ಗುಂಪಿಗೆ ಸೇರಿದವರು ಅಷ್ಟೇ. ಮಿದುಳಲ್ಲಿ ಮೈಯ ಬಿಸಿ ನೋಡ್ಕೊಳ್ಳೋ ಜಾಗ ಒಂದಿದೆ, ಹೈಪೋಥಲಮಸ್. ಹೆಂಗಸರ ಹಾರ್ಮೋನ್ ಈಸ್ಟ್ರೋಜನ್ ಇಳಿದ್ಮೇಲೆ ಅಲ್ಲಿನ ಕೆಲವು ನರಕೋಶಗಳು ಕಡಿವಾಣ ತಪ್ಪಿದ ಹಾಗೆ ಕೆಲ್ಸ ಮಾಡ್ತವೆ, ಮೈ ಬಿಸಿ ಸ್ವಲ್ಪೇ ಸ್ವಲ್ಪ ಏರಿದ್ರೂ ಸಾಕು, ಬೆವರು ಬಿಡು ರಕ್ತನಾಳ ಹಿಗ್ಗಿಸು ಅಂತ ಹುಕುಂ ಹೋಗುತ್ತೆ. ಇದು ನಡೆಯೋದು ನರದಲ್ಲಿ, ಮನೆಯವರು ಅಂದ್ಕೊಂಡ ಹಾಗೆ 'ತಲೆಯಲ್ಲಿ' ಅಲ್ಲ.

ಆದ್ರೂ ಎಲ್ಲಾನೂ ಮೆನೋಪಾಸ್ ತಲೆಗೆ ಕಟ್ಟಬೇಡಿ, ಇಲ್ಲಿ ನಾನು ಸ್ವಲ್ಪ ಜಾಸ್ತಿನೇ ಹೆದರ್ತೀನಿ. ನಾವಿರೋದು ಮುಂಬೈಯಲ್ಲಿ, ಇಲ್ಲಿ ಟಿಬಿ ಜಾಸ್ತಿ. ರಾತ್ರಿ ಬೆವರಿನ ಜೊತೆ ತೂಕ ಇಳೀತಿದೆ, ಸಂಜೆ ಜ್ವರ ಬರ್ತಿದೆ, ಕೆಮ್ಮು ಬಿಡ್ತಿಲ್ಲ ಅಂದ್ರೆ ಮೊದ್ಲು ಟಿಬಿ ಟೆಸ್ಟ್, ಆಮೇಲೆ ಮಿಕ್ಕಿದ್ದು. ಥೈರಾಯ್ಡ್ ಒಂದು ಸಲ ನೋಡಿಸಿ. ಬಿಪಿಗೆ ಯಾವ ಮಾತ್ರೆ ಅಂತ ನೀವು ಬರೆದಿಲ್ಲ, ಅಮ್ಲೋಡಿಪಿನ್ ಆಗಿದ್ರೆ ಅದೂ ಮುಖಕ್ಕೆ ಬಿಸಿ ಏರಿಸುತ್ತೆ, ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸೋಕೆ ಹೋಗ್ಬೇಡಿ. ಶುಗರ್ ಮಾತ್ರೆ ತಗೊಳ್ಳೋರಿಗೆ ನಡುರಾತ್ರಿ ಶುಗರ್ ಇಳಿದ್ರೂ ಹೀಗೇ ಮೈ ಒದ್ದೆ ಆಗುತ್ತೆ.

ಇನ್ನು ಹಾರ್ಮೋನ್ ಭಯ. ಬಿಸಿ ಇಳಿಸೋಕೆ ಈಸ್ಟ್ರೋಜನ್ನೇ ಹೊರಗಿಂದ ಕೊಡೋ ಚಿಕಿತ್ಸೆ ಅದು. 2002ರ ಜುಲೈನಲ್ಲಿ ಅಮೆರಿಕದಲ್ಲಿ ಡಬ್ಲ್ಯುಎಚ್‌ಐ ಅನ್ನೋ ದೊಡ್ಡ ಪ್ರಯೋಗದ ಒಂದು ಭಾಗವನ್ನ ನಡುವೆನೇ ನಿಲ್ಲಿಸಿದ್ರು, ಹಾರ್ಮೋನಿಂದ ಕ್ಯಾನ್ಸರ್ ಅಂತ ಜಗತ್ತಿನ ಪೇಪರೆಲ್ಲ ಬರೀತು, ಆ ಹೆಡ್‌ಲೈನ್ ಇವತ್ತಿಗೂ ನಮ್ಮ ಹೆಂಗಸರ ಬೆನ್ನು ಬಿಟ್ಟಿಲ್ಲ. ಲೆಕ್ಕ ಏನಿತ್ತು? ಈಸ್ಟ್ರೋಜನ್, ಜೊತೆಗೆ ಪ್ರೊಜೆಸ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್, ಎರಡೂ ತಗೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ, ತಗೊಳ್ಳದೋರಿಗಿಂತ 8 ಜನಕ್ಕೆ ಹೆಚ್ಚು ಸ್ತನ ಕ್ಯಾನ್ಸರ್. ಅವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಹಳೇ ಕಾಲದ ಮಾತ್ರೆ. ಗರ್ಭಕೋಶ ತೆಗೆಸಿದವರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಗುಂಪಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗ್ಲೇ ಇಲ್ಲ. ಅಪಾಯ ಇಲ್ಲ ಅಂತ ನಾನು ಹೇಳಲ್ಲ, ಇದೆ, ಆದ್ರೆ ಅದರ ಅಳತೆ ಗೊತ್ತಿಲ್ದೆ ಹತ್ತು ವರ್ಷ ನಿದ್ದೆ ಕಳ್ಕೊಳ್ಳೋದಕ್ಕೆ ನಾನು ಒಪ್ಪಲ್ಲ. ಚಿಕ್ಕಮ್ಮನಿಗೆ 70ರಲ್ಲಿ ಬಂದಿದ್ದೊಂದೇ ನಿಮ್ಮ ದಾರಿಗೆ ಅಡ್ಡ ಬರಲ್ಲ. ಅಮ್ಮನಿಗೋ ಅಕ್ಕನಿಗೋ ಚಿಕ್ಕ ವಯಸ್ಸಲ್ಲೇ ಬಂದಿದ್ರೆ ಮಾತು ಬೇರೆ. ನಿಮಗೇ ಸ್ತನ ಕ್ಯಾನ್ಸರ್ ಆಗಿದ್ರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ, ಸ್ಟ್ರೋಕ್ ಹಾರ್ಟ್ ಅಟ್ಯಾಕ್ ಆಗಿದ್ರೆ, ಲಿವರ್ ಕಾಯಿಲೆ ಇದ್ರೆ ನಾನು ಕೊಡಲ್ಲ.

ಮುಖ್ಯವಾದ ವಿಷಯ ಏನಂದ್ರೆ ನಿಮಗೆ ಟೈಮ್ ಕಮ್ಮಿ ಇದೆ. ಹಾರ್ಮೋನ್ ಹೊಸದಾಗಿ ಶುರು ಮಾಡೋಕೆ ಒಳ್ಳೇ ಹೊತ್ತು ಅಂದ್ರೆ 60ರ ಒಳಗೆ, ಮುಟ್ಟು ನಿಂತು ಹತ್ತು ವರ್ಷದ ಒಳಗೆ. ನಿಮಗೆ ಎಂಟಾಯ್ತು. ಇನ್ನೆರಡು ವರ್ಷ 'ಅಡ್ಜಸ್ಟ್' ಮಾಡ್ಕೊಂಡು ಆಮೇಲೆ ಬಂದ್ರೆ ನಾನೂ ಕೈ ಹಿಂದೆ ತಗೋತೀನಿ. ಬಿಪಿ ಹತೋಟಿಯಲ್ಲಿದ್ರೆ ಮಾತ್ರೆ ಬದ್ಲು ಚರ್ಮಕ್ಕೆ ಹಚ್ಚೋ ಈಸ್ಟ್ರೋಜನ್ ಜೆಲ್ ಕೇಳಿ, ಅದರಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಕಮ್ಮಿ. ಗರ್ಭಕೋಶ ಇದ್ರೆ ಜೊತೆಗೆ ಪ್ರೊಜೆಸ್ಟಿರಾನ್ ಬೇಕೇ ಬೇಕು, ಇಲ್ದಿದ್ರೆ ಒಳಪದರ ದಪ್ಪ ಆಗಿ ಅಲ್ಲೇ ಕ್ಯಾನ್ಸರ್ ಆಗ್ಬಹುದು, ರಾತ್ರಿ ಮಲಗೋವಾಗ ತಗೊಳ್ಳೋ ಕ್ಯಾಪ್ಸೂಲ್ ನಿದ್ದೆಗೂ ಒಳ್ಳೇದು. ಮ್ಯಾಮೊಗ್ರಾಮ್, ಅಂದ್ರೆ ಸ್ತನದ ಎಕ್ಸ್-ರೇ, ಇಲ್ದೆ ನಾನು ಚೀಟಿ ಬರೆಯಲ್ಲ, ಇದೇ ವಿಷಯಕ್ಕೆ ಎಷ್ಟೋ ಜನ ನನ್ನ ಮೇಲೆ ಮುನಿಸ್ಕೊಂಡು ಹೋಗಿದಾರೆ, ಹೋಗ್ಲಿ. ಶುರು ಮಾಡಿದ್ಮೇಲೆ ಒಂದು ತಿಂಗಳಲ್ಲಿ ಫರಕ್ ಗೊತ್ತಾಗುತ್ತೆ, ಪೂರ್ತಿ ಹಿಡಿಯೋಕೆ ಮೂರು ತಿಂಗಳು ಬೇಕು, ಅಷ್ಟರಲ್ಲೇ ಬಿಟ್ಟು 'ಅದೂ ನೋಡಿದೆ ಏನೂ ಆಗ್ಲಿಲ್ಲ' ಅನ್ಬೇಡಿ.

ಹಾರ್ಮೋನ್ ಬೇಡವೇ ಬೇಡ ಅಂದ್ರೂ ಕೈ ಕಟ್ಟಿ ಕೂರ್ಬೇಕಾಗಿಲ್ಲ. ವೆನ್ಲಾಫಾಕ್ಸಿನ್ ಅನ್ನೋ ಮಾತ್ರೆ ಕಮ್ಮಿ ಡೋಸಲ್ಲಿ, ರಾತ್ರಿ ಕಾಟ ಜಾಸ್ತಿ ಇದ್ರೆ ಗ್ಯಾಬಾಪೆಂಟಿನ್, ಇವು ಕೆಲ್ಸ ಮಾಡ್ತವೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅನ್ನೋ ಮಾತಿನ ಚಿಕಿತ್ಸೆಯಿಂದ ಬಿಸಿಯ ಕಾಟ ಸಹಿಸೋಕಾಗುತ್ತೆ, ನಿದ್ದೆ ಸುಧಾರಿಸುತ್ತೆ.

ಡಾಕ್ಟ್ರು ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು ಅಂತೀರಲ್ಲ, ಅಲ್ಲಿ ನೀವು ಏನಂತ ಹೇಳಿದ್ರಿ? ನಮ್ಮ ಕನ್ನಡದ ಹೆಂಗಸರು ಇಲ್ಲಿನ ಓಪಿಡಿಗೆ ಹೋಗಿ, ಬಾರದ ಹಿಂದಿಯಲ್ಲಿ 'ಬಹುತ್ ಗರ್ಮೀ ಹೋತಾ ಹೈ' (ತುಂಬಾ ಸೆಕೆ ಆಗುತ್ತೆ) ಅಂತಾರೆ, ಅಕ್ಟೋಬರ್ ಹೀಟಲ್ಲಿ ಬೆಂದು ಕೂತಿರೋ ಡಾಕ್ಟ್ರು ನನಗೂ ಆಗ್ತಿದೆ ಅಂದ್ಕೊಂಡು ಅಸಿಡಿಟಿ ಮಾತ್ರೆ ಕೊಟ್ಟು ಕಳಿಸ್ತಾರೆ. ಇದನ್ನ ನಾನು ರೆಸಿಡೆನ್ಸಿ ಕಾಲದಿಂದ ನೋಡ್ತಾ ಬಂದಿದೀನಿ. ಎರಡು ವಾರ ಒಂದು ನೋಟ್‌ಬುಕ್ಕಲ್ಲಿ ಬರೀರಿ, ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಸಲ ಎದ್ರಿ, ಬಟ್ಟೆ ಬದಲಾಯಿಸಿದ್ರಾ. 'ರಾತ್ ಮೇ ಚಾರ್ ಬಾರ್ ಉಠ್‌ತೀ ಹೂಂ, ಕಪಡೇ ಬದಲ್‌ನೇ ಪಡ್‌ತೇ ಹೈಂ, ದಸ್ ಸಾಲ್ ಸೇ' (ರಾತ್ರಿ ನಾಲ್ಕು ಸಲ ಏಳ್ತೀನಿ, ಬಟ್ಟೆ ಬದಲಾಯಿಸ್ಬೇಕಾಗುತ್ತೆ, ಹತ್ತು ವರ್ಷದಿಂದ) ಅಂತ ಅಂಕಿ ಸಮೇತ ಹೇಳಿ. ಅಂಕಿ ಹೇಳಿದ್ರೆ ಡಾಕ್ಟ್ರು ಪೆನ್ ಎತ್ತುತಾರೆ. ಖಾಸಗಿಗೆ ದುಡ್ಡಿಲ್ಲ ಅಂದ್ರೆ ಸಯನ್, ಕೆಇಎಂ, ನಾಯರ್ ಆಸ್ಪತ್ರೆಗಳ ಗೈನಿಕ್ ಓಪಿಡಿಯಲ್ಲಿ ಕೇಸ್ ಪೇಪರ್ ಮಾಡಿಸಿ, ಸಾಲು ಉದ್ದ, ಆದ್ರೂ ಹೋಗಿ.

ಯಾರ ಹತ್ರ ಹೇಳ್ಕೊಳ್ಳೋದು ಅಂತ ಕೇಳಿದೀರಿ, ಇದಕ್ಕೆ ಚೀಟಿಯಲ್ಲಿ ಬರೆಯೋ ಮದ್ದಿಲ್ಲ. ಹೋದ ವರ್ಷ ಒಂದು ಕನ್ನಡ ಸಂಘದ ಮಹಿಳಾ ವಿಭಾಗದವರು ಅರಿಶಿನ ಕುಂಕುಮಕ್ಕೆ ಮಾತಾಡೋಕೆ ಕರೆದಿದ್ರು. ರಾತ್ರಿ ಬೆವರಿ ಏಳೋರು ಯಾರು ಅಂತ ಕೇಳಿದೆ, ಒಬ್ರೂ ಕೈ ಎತ್ತಲಿಲ್ಲ. ಕಾರ್ಯಕ್ರಮ ಮುಗಿದು ಎಲ್ರೂ ಉಸಲಿ ತಿನ್ನೋವಾಗ ಒಬ್ಬೊಬ್ರೇ ನನ್ನ ಪಕ್ಕ ಬಂದು ಕಿವಿಯಲ್ಲಿ ಹೇಳಿದ್ರು, ಹನ್ನೊಂದು ಜನ, ಅದರಲ್ಲಿ ಇಬ್ರು ಒಂದೇ ಬಿಲ್ಡಿಂಗಿನವರು, ಇಪ್ಪತ್ತು ವರ್ಷದಿಂದ ಅಕ್ಕಪಕ್ಕ, ಒಬ್ಬರಿಗೊಬ್ಬರು ಹೇಳ್ಕೊಂಡೇ ಇರ್ಲಿಲ್ಲ. ನನಗೆ ಅವತ್ತು ಊಟ ಸೇರ್ಲಿಲ್ಲ. ನಿಮ್ಮ ಗಾಡಿಯ ಲೇಡೀಸ್ ಡಬ್ಬಿಯಲ್ಲಿ, ನಿಮ್ಮ ಭಜನಾ ಮಂಡಳಿಯಲ್ಲಿ ಇನ್ನೂ ನಾಲ್ಕು ಜನ ಇರ್ತಾರೆ, ನೀವು ಮೊದ್ಲು ಬಾಯಿ ಬಿಡಿ, 'ನನಗೆ ಹತ್ತು ವರ್ಷದಿಂದ ಹೀಗೆ' ಅಂತ. ಮೂರು ಜನ ಸಾಕು, ವಾರಕ್ಕೊಂದು ಸಲ ಸೇರಿ, ಆದ್ರೆ ಹಾರ್ಮೋನ್ ಪುಡಿ ಮಾರೋರನ್ನ ಗುಂಪಿಗೆ ಸೇರಿಸ್ಕೋಬೇಡಿ, ಅವರು ಬಂದ್ರೆ ಗುಂಪು ಕೆಡುತ್ತೆ. ಯಜಮಾನರಿಗೆ ಈ ಪತ್ರ ಓದೋಕೆ ಕೊಡಿ. ನಿದ್ದೆ ಇಲ್ದೆ ಮನಸ್ಸು ತೀರಾ ಕುಗ್ಗಿದ್ರೆ, ಬದುಕು ಬೇಡ ಅನ್ನಿಸಿದ್ರೆ, 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ದುಡ್ಡು ಇಲ್ಲ, ರಾತ್ರಿ ಎಷ್ಟೊತ್ತಿಗೂ ಎತ್ತುತಾರೆ, ಕನ್ನಡದಲ್ಲೂ ಮಾತಾಡ್ಬಹುದು.

ಉಳಿದ ಪ್ರಶ್ನೆಗಳು.

ಎಫ್‌ಎಸ್‌ಎಚ್ (ರಕ್ತದ ಹಾರ್ಮೋನ್ ಟೆಸ್ಟ್) ರಿಪೋರ್ಟ್ ಕಳಿಸಿದೀನಿ ನೋಡಿ, ನನಗೆ 51: ನೋಡಲ್ಲ. 45 ದಾಟಿದವರಿಗೆ ಆ ಟೆಸ್ಟ್ ಬೇಕಾಗಿಲ್ಲ, ಮಾಡಿಸಿದೋರು ನಿಮ್ಮ ದುಡ್ಡು ದಂಡ ಮಾಡಿದಾರೆ. 40ಕ್ಕೆ ಮುಂಚೆ ಮುಟ್ಟು ನಿಂತಿದ್ರೆ ಆ ಟೆಸ್ಟ್ ಮಾಡಿಸಿ ಬೇಗ ಬನ್ನಿ, ಮೂಳೆ ಮತ್ತು ಹೃದಯದ ವಿಷಯ.

ಹಾರ್ಮೋನ್ ಡಿಟಾಕ್ಸ್ ಪುಡಿ: ತಗೋಬೇಡಿ. ಅದರೊಳಗೆ ಏನಿದೆ ಅಂತ ಮಾರೋನಿಗೇ ಗೊತ್ತಿಲ್ಲ.

ದುಬೈಯಿಂದ ಮಗ ಬಿಸಿ ಏರೋದಕ್ಕೆ ಹೊಸ ಮಾತ್ರೆ ಫೆಜೊಲಿನೆಟಂಟ್ ತರ್ತಾನಂತೆ: 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಒಳ್ಳೇ ಔಷಧಿನೇ, ಆದ್ರೆ ಲಿವರ್ ಟೆಸ್ಟ್ ಮಾಡಿಸ್ತಾ ತಗೋಬೇಕಾದ್ದು, ಡಾಕ್ಟ್ರಿಲ್ದೆ ನುಂಗ್ಬೇಡಿ.

ಟಾಟಾ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ, ಟಮಾಕ್ಸಿಫೆನ್ ತಗೋತಿದೀನಿ, ಬಿಸಿ ತಡೆಯೋಕಾಗ್ತಿಲ್ಲ: ಹಾರ್ಮೋನ್ ಇಲ್ಲ. ವೆನ್ಲಾಫಾಕ್ಸಿನ್ ಬಗ್ಗೆ ನಿಮ್ಮ ಆಂಕಾಲಜಿಸ್ಟನ್ನ ಕೇಳಿ, ಪ್ಯಾರಾಕ್ಸೆಟಿನ್ ಅನ್ನೋ ಖಿನ್ನತೆ ಮಾತ್ರೆ ಯಾರು ಕೊಟ್ರೂ ಬೇಡ ಅನ್ನಿ, ಅದು ಟಮಾಕ್ಸಿಫೆನ್ ಕೆಲ್ಸ ಕೆಡಿಸುತ್ತೆ.

ಉರಿಮೂತ್ರ ಪದೇ ಪದೇ, ಗಂಡನ ಜೊತೆ ಸೇರೋಕೂ ನೋವು, ಲೇಸರ್ ಮಾಡಿಸ್ಲಾ: ಬೇಡ, ಯೋನಿಗೆ ಮಾಡೋ ಇಂಥ ಲೇಸರ್‌ಗಳ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಯೋನಿ ಒಣಗೋ ಈ ತೊಂದರೆ ಬಿಸಿ ಏರೋದರ ಥರ ವರ್ಷ ಕಳೆದ ಹಾಗೆ ಇಳಿಯಲ್ಲ, ಒಣಗೋದು ಜಾಸ್ತಿನೇ ಆಗುತ್ತೆ. ಒಳಗೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಇದೆ, ಕಮ್ಮಿ ಡೋಸ್, 70ರಲ್ಲೂ ಹಚ್ಬಹುದು, ಉರಿಮೂತ್ರನೂ ಕಮ್ಮಿ ಆಗುತ್ತೆ. ನಾಚ್ಕೊಂಡು ಕೇಳ್ದೆ ಇರೋದಕ್ಕೆ ಎಷ್ಟು ಜನ ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ನುಂಗ್ತಿದಾರೋ.

ಕಾಟ ಬೇಡ ಅಂತ ಪಿಶವಿ (ಗರ್ಭಕೋಶ) ತೆಗೆಸಿಬಿಡಿ ಅಂತಿದಾರೆ ಡಾಕ್ಟ್ರು: ಗರ್ಭಕೋಶ ತೆಗೆದ್ರೆ ಬಿಸಿ ಏರೋದು ನಿಲ್ಲಲ್ಲ, ಅಂಡಾಶಯನೂ ತೆಗೆದ್ರೆ ಇನ್ನೂ ಜೋರಾಗುತ್ತೆ. ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಂಗಸರಿಗೆ ಬೇಡದಿದ್ರೂ ಗರ್ಭಕೋಶ ತೆಗೆದ ಸುದ್ದಿನ 2019ರಲ್ಲಿ ಇಡೀ ಮಹಾರಾಷ್ಟ್ರ ಓದಿದೆ. ಹಾಗೆ ಹೇಳಿದ ಡಾಕ್ಟರ ಹತ್ರ ಮತ್ತೆ ಹೋಗ್ಬೇಡಿ.

ಮುಟ್ಟು ನಿಂತು ನಾಲ್ಕು ವರ್ಷ, ಹೋದ ತಿಂಗಳು ಎರಡು ದಿನ ಸ್ವಲ್ಪ ಕಂಡ್ತು, ಈಗ ನಿಂತಿದೆ, ನೋಡೋಣ ಅಂತ ಸುಮ್ನಿದೀನಿ: ಸುಮ್ನಿರ್ಬೇಡಿ. ಮುಟ್ಟು ವಾಪಸ್ ಬರಲ್ಲ, ಒಂದು ವರ್ಷ ನಿಂತ ಮೇಲೆ ಒಂದೇ ಒಂದು ಕಲೆ ಕಂಡ್ರೂ ಸೋನೋಗ್ರಫಿಯಲ್ಲಿ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ನೋಡ್ಬೇಕು, ಬೇಕಾದ್ರೆ ಬಯಾಪ್ಸಿ. ಹತ್ತರಲ್ಲಿ ಒಂಬತ್ತು ಜನಕ್ಕೆ ಕ್ಯಾನ್ಸರ್ ಇರಲ್ಲ, ಒಬ್ರಿಗೆ ಗರ್ಭಕೋಶದ ಕ್ಯಾನ್ಸರ್ ಇರುತ್ತೆ, ಬೇಗ ಸಿಕ್ಕಿದ್ರೆ ಬಹುಪಾಲು ಗುಣ ಆಗೋ ಕ್ಯಾನ್ಸರ್ ಅದು. ನನ್ನ ಪೇಷಂಟ್ ಒಬ್ರು ನಿಮ್ಮ ಹಾಗೇ ನೋಡೋಣ ಅಂತ ಹದಿನಾಲ್ಕು ತಿಂಗಳು ನೋಡಿದ್ರು, ಅವರ ಮಗಳು ಈಗ್ಲೂ ನನಗೆ ಸಿಗ್ತಾಳೆ. ಈ ವಾರದಲ್ಲೇ ಸೋನೋಗ್ರಫಿ ಮಾಡಿಸಿ, ರಿಪೋರ್ಟ್ ಏನು ಬಂತು ಅಂತ ನನಗೆ ಬರೀರಿ.