ಆರೋಗ್ಯ ಪ್ರಶ್ನೋತ್ತರ: ಎರಡು ವೈರಸ್‌, ತೊಂಬತ್ತು ಶಿಶುಗಳು

ಪ್ರಶ್ನೆ: ಮಗಳಿಗೆ ಆರನೆಯ ವಾರದಲ್ಲಿ ಆರೋಗ್ಯ ಕೇಂದ್ರದಲ್ಲಿ ರೋಟಾವೈರಸ್‌ ಲಸಿಕೆಯ ಹನಿ ಹಾಕಿಸಿದೆವು. ಆ ಸಂದರ್ಭದಲ್ಲಿ ನಮ್ಮ ದೇಶದಲ್ಲೇ ರೂಪುಗೊಂಡ ರೋಟಾವ್ಯಾಕ್‌ ಬಗ್ಗೆ ಓದಿದೆ. ಅದರ ಹಿಂದೆ ಸರ್ಕಾರಿ ಇಲಾಖೆ, ದೆಹಲಿಯ ಆಸ್ಪತ್ರೆ, ಹೈದರಾಬಾದಿನ ಕಂಪನಿ, ಅಮೆರಿಕದ ಸಂಸ್ಥೆಗಳು ಎಲ್ಲವೂ ಇದ್ದವಂತೆ. ಮೊದಲ ಹಂತದ ಪರೀಕ್ಷೆಯನ್ನು ಕಂಪನಿಯೊಂದೇ ಮಾಡಿಕೊಂಡರೆ ಸಾಲದೆ? ಇಷ್ಟು ಜನ ಸೇರಿದರೆ ಹೊಣೆ ಯಾರ ಮೇಲೂ ಉಳಿಯದಂತಾಗುವುದಿಲ್ಲವೆ?
— ಓದುಗರೊಬ್ಬರು, ಹಾಸನ

ಉತ್ತರ: ನೀವು ಓದಿದ್ದು ನಿಜ. ಆದರೆ ಆ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಬಿಟ್ಟುಹೋಗಿದೆ, ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ.

1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಎಂ. ಕೆ. ಭಾನ್‌ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಗಮನಿಸಿದರು. ಅಲ್ಲಿನ ನವಜಾತ ಶಿಶುಗಳ ಮಲದಲ್ಲಿ ರೋಟಾವೈರಸ್‌ ಇತ್ತು, ಆದರೆ ಶಿಶುಗಳಿಗೆ ಭೇದಿ ಇರಲಿಲ್ಲ. ಹೀಗೆ ಹುಟ್ಟಿದಾಗಲೇ ಸೋಂಕು ತಗುಲಿದ ಮಕ್ಕಳನ್ನು ಮುಂದೆ ಗಮನಿಸುತ್ತ ಹೋದಾಗ, ತೀವ್ರವಾದ ರೋಟಾ ಭೇದಿ ಅವರನ್ನು ಅಷ್ಟಾಗಿ ಕಾಡಲಿಲ್ಲ. ಆ ತಳಿಗೆ 116ಇ ಎಂದು ಹೆಸರಾಯಿತು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್‌ ಅವರ ತಂಡಕ್ಕೂ ನಗರದ ರೋಗಲಕ್ಷಣವಿಲ್ಲದ ನವಜಾತ ಶಿಶುಗಳಲ್ಲಿ ಇನ್ನೊಂದು ತಳಿ ಸಿಕ್ಕಿತು. ಅದು ಐ321. ಇದರ 11 ವಂಶವಾಹಿಗಳಲ್ಲಿ 9 ದನದ ವೈರಸ್ಸಿನವು. ದೆಹಲಿಯ ತಳಿಯಲ್ಲಿ ಅಂಥದ್ದು ಒಂದೇ ಒಂದು.

ಎರಡರಲ್ಲಿ ಯಾವುದು ಲಸಿಕೆಯಾಗಬೇಕು? ಇದನ್ನು ಪ್ರಯೋಗಾಲಯದಲ್ಲಿ ಕುಳಿತು ತೀರ್ಮಾನಿಸುವಂತಿರಲಿಲ್ಲ. 1987ರಲ್ಲಿ ಆರಂಭವಾಗಿದ್ದ ಭಾರತ–ಅಮೆರಿಕ ಲಸಿಕಾ ಕಾರ್ಯಕ್ರಮದ ಆಶ್ರಯದಲ್ಲಿ ಎರಡೂ ತಳಿಗಳನ್ನು ಒಂದೇ ಅಧ್ಯಯನದಲ್ಲಿ, ಒಂದೇ ಅಳತೆಗೋಲಿನಿಂದ ಪರೀಕ್ಷಿಸಲಾಯಿತು. ದೆಹಲಿಯಲ್ಲಿ ಎಂಟು ವಾರದ 90 ಶಿಶುಗಳನ್ನು ಮೂವತ್ತರ ಮೂರು ಗುಂಪು ಮಾಡಿ, ಒಂದಕ್ಕೆ 116ಇ, ಇನ್ನೊಂದಕ್ಕೆ ಐ321, ಮೂರನೆಯದಕ್ಕೆ ಲಸಿಕೆಯಿಲ್ಲದ ಹುಸಿಮದ್ದು ಕೊಟ್ಟರು. ಯಾವ ಮಗುವಿಗೆ ಯಾವುದು ಹೋಯಿತು ಎಂಬುದು ಹೆತ್ತವರಿಗೂ ತಿಳಿದಿರಲಿಲ್ಲ, ಮಗುವನ್ನು ನೋಡಿಕೊಳ್ಳುತ್ತಿದ್ದ ವೈದ್ಯರಿಗೂ ತಿಳಿದಿರಲಿಲ್ಲ. ಹನಿ ಹಾಕುವ ಮುಂಚೆ ತೆಗೆದ ರಕ್ತವನ್ನು ಆನಂತರ ತೆಗೆದ ರಕ್ತದೊಂದಿಗೆ ಹೋಲಿಸಿ, ರೋಟಾವೈರಸ್‌ ವಿರುದ್ಧದ ಪ್ರತಿಕಾಯ ನಾಲ್ಕು ಪಟ್ಟಾದರೂ ಏರಿದೆಯೇ ಎಂದು ನೋಡಿದರು. 116ಇ ಪಡೆದವರಲ್ಲಿ ಶೇ 73, ಐ321 ಪಡೆದವರಲ್ಲಿ ಶೇ 39, ಹುಸಿಮದ್ದಿನ ಗುಂಪಿನಲ್ಲಿ ಶೇ 20 ಶಿಶುಗಳಲ್ಲಿ ಆ ಏರಿಕೆ ಕಂಡಿತು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಆ ಶೇ 20ರ ಬಗ್ಗೆ ಎರಡು ಮಾತು ಹೇಳಲೇಬೇಕು. ಲಸಿಕೆಯನ್ನೇ ಪಡೆಯದ ಮಕ್ಕಳಲ್ಲಿ ಪ್ರತಿಕಾಯ ಏರುವುದೆಂದರೆ, ಸುತ್ತಲಿನ ವೈರಸ್‌ ಅವರನ್ನು ತಾನಾಗಿಯೇ ಮುಟ್ಟಿದೆ ಎಂದರ್ಥ. ಹುಸಿಮದ್ದಿನ ಗುಂಪು ಇಲ್ಲದೇ ಹೋಗಿದ್ದರೆ ಬೆಂಗಳೂರಿನ ತಳಿಯ ಶೇ 39 ಪೂರ್ತಿಯಾಗಿ ಲಸಿಕೆಯ ಗುಣವೆಂದೇ ಕಾಣುತ್ತಿತ್ತು.

ಐ321 ಅಲ್ಲಿಗೇ ನಿಂತಿತು. ಬೆಂಗಳೂರಿನವನಾದ ನನಗೆ ಅದು ಸೋಲೆನಿಸುವುದಿಲ್ಲ. ತಮ್ಮ ತಳಿಯನ್ನು ಮತ್ತೊಂದರ ಪಕ್ಕದಲ್ಲಿಟ್ಟು ತೂಗಲು ಒಪ್ಪಿದವರಿಂದಲೇ ಮುಂದಿನ ದಾರಿ ತೆರೆಯಿತು; ಒಂದೊಂದು ತಳಿಯನ್ನೂ ಒಬ್ಬೊಬ್ಬರೇ ಹಿಡಿದುಕೊಂಡು ಪ್ರತ್ಯೇಕವಾಗಿ ಪರೀಕ್ಷಿಸಿದ್ದರೆ, ದುರ್ಬಲ ತಳಿಯೊಂದು ಸಾವಿರಾರು ಶಿಶುಗಳ ಪರೀಕ್ಷೆಯವರೆಗೂ ಸಾಗುವ ಅಪಾಯವಿತ್ತು. ಸಹಯೋಗದ ನಿಜವಾದ ಪ್ರಯೋಜನ ಹಣ ಹಂಚಿಕೊಳ್ಳುವುದರಲ್ಲಿಲ್ಲ, ತನ್ನ ಸರಕಿಗೆ ತಾನೇ ತೀರ್ಪುಗಾರನಾಗದಂತೆ ತಡೆಯುವುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದೆ ಭಾರತ್‌ ಬಯೋಟೆಕ್‌ ಎಂಬ ಹೈದರಾಬಾದಿನ ಕಂಪನಿ ತಯಾರಿಸಿದ 116ಇ ಲಸಿಕೆಯನ್ನು, ಅಂದರೆ ರೋಟಾವ್ಯಾಕ್‌ ಅನ್ನು, ದೆಹಲಿ, ಪುಣೆ ಮತ್ತು ವೆಲ್ಲೂರಿನ 6,799 ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯ ವಿರುದ್ಧ ಅದರ ರಕ್ಷಣೆ ಸುಮಾರು ಶೇ 56. ಇದು ಕಡಿಮೆಯೆನಿಸಬಹುದು, ಆದರೆ ಭೇದಿಯಿಂದ ನೀರು ಬತ್ತಿ ಮಕ್ಕಳು ಸಾಯುತ್ತಿದ್ದ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ತೀವ್ರ ಪ್ರಕರಣಗಳನ್ನು ತಡೆಯುವುದು ಸಣ್ಣದಲ್ಲ. 2016ರಲ್ಲಿ ರೋಟಾವ್ಯಾಕ್‌ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿತು.

ಇನ್ನು ಹೊಣೆಯ ಮಾತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್‌ ಪರೀಕ್ಷೆಗಳ ನಿಯಮಗಳ ಪ್ರಕಾರ ಎಷ್ಟೇ ಸಂಸ್ಥೆಗಳು ಸೇರಿದರೂ ಒಬ್ಬೊಬ್ಬರ ಕರ್ತವ್ಯ ಬೇರೆ ಬೇರೆಯಾಗಿ ನಿಗದಿಯಾಗಿದೆ. ಗಂಭೀರ ತೊಂದರೆ ಕಂಡರೆ ಪರೀಕ್ಷೆ ನಡೆಸುವ ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಣ ಪ್ರಾಧಿಕಾರಕ್ಕೆ, ಪ್ರಾಯೋಜಕರಿಗೆ (ಪರೀಕ್ಷೆಯನ್ನು ಹಮ್ಮಿಕೊಂಡ ಕಂಪನಿ ಅಥವಾ ಸಂಸ್ಥೆಗೆ) ಹಾಗೂ ಪರೀಕ್ಷೆಗೆ ಒಳಗಾಗುವವರ ಹಿತ ಕಾಯುವ ನೈತಿಕ ಸಮಿತಿಗೆ ತಿಳಿಸಬೇಕು. ಪರೀಕ್ಷೆಯಿಂದಲೇ ಹಾನಿಯಾಗಿದ್ದರೆ ಪರಿಹಾರ ಕೊಡಬೇಕಾದವರು ಪ್ರಾಯೋಜಕರು. ನೈತಿಕ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆ ಆಸ್ಪತ್ರೆಗೆ ಸೇರದವರಾಗಿರಬೇಕು.

ಪ್ರಶ್ನೆ: ಕೋವಿಡ್‌ ಸಮಯದಲ್ಲಿ ಬೆಳಗಾವಿಯಲ್ಲೂ ಮೊದಲ ಹಂತದ ಪರೀಕ್ಷೆ ನಡೆಯಿತೆಂದು ಕೇಳಿದ್ದೇನೆ. ಮುಂದೆ ಅಂಥದ್ದಕ್ಕೆ ನನ್ನನ್ನು ಕರೆದರೆ ಏನನ್ನು ವಿಚಾರಿಸಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ಹೌದು, 2020ರ ಜುಲೈಯಲ್ಲಿ ಆರಂಭವಾದ ಕೊವ್ಯಾಕ್ಸಿನ್‌ನ ಮೊದಲ ಹಂತದಲ್ಲಿ ದೇಶದಾದ್ಯಂತ 375 ಸ್ವಯಂಸೇವಕರಿದ್ದರು, ಬೆಳಗಾವಿಯ ಆಸ್ಪತ್ರೆಯೊಂದೂ ಅದರ ಕೇಂದ್ರವಾಗಿತ್ತು. ಮೊದಲ ಹಂತ ನೋಡುವುದು ಮುಖ್ಯವಾಗಿ ಸುರಕ್ಷತೆಯನ್ನು. ಆದ್ದರಿಂದ ಆ ಲಸಿಕೆಯಿಂದ ನಿಮಗೆ ರಕ್ಷಣೆ ಸಿಕ್ಕೇ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರತದ ಕ್ಲಿನಿಕಲ್‌ ಪರೀಕ್ಷೆಗಳ ನೋಂದಣಿಯಲ್ಲಿ ಆ ಅಧ್ಯಯನದ ಸಂಖ್ಯೆ ಯಾವುದು, ರಾತ್ರಿ ಜ್ವರ ಬಂದರೆ ಯಾವ ವೈದ್ಯರಿಗೆ ಫೋನ್‌ ಮಾಡಬೇಕು, ಚಿಕಿತ್ಸೆಯ ವೆಚ್ಚ ಯಾರದು ಎಂದು ಕೇಳಿ. ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಕನ್ನಡದಲ್ಲೇ ಕೊಡಬೇಕು. ಅದನ್ನು ಮನೆಗೆ ಒಯ್ದು, ಮನೆಯವರೊಡನೆ ಕುಳಿತು ಓದಿ, ಎರಡು ದಿನ ಬಿಟ್ಟು ಉತ್ತರಿಸಿದರೂ ತಪ್ಪೇನಿಲ್ಲ. ಸಹಿ ಹಾಕಿದ ಮೇಲೂ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ನಿಮಗಿದೆ, ಹಾಗೆ ಸರಿದರೆ ಆ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಕೂಡದು.