ವೈಡ್ ಗ್ಯಾಮಟ್ ಮಾನಿಟರ್‌ನಲ್ಲಿ ಇಳಕಲ್ ಸೀರೆಯ ಕೆಂಪು ವಿಪರೀತ ಕಾಣುತ್ತಿದೆ, ಕ್ಯಾಲಿಬ್ರೇಟರ್ ಕೊಂಡರೆ ಸರಿಹೋಗುತ್ತದಾ?

ಬರೀ ಕ್ಯಾಲಿಬ್ರೇಟರ್ (ಸ್ಕ್ರೀನಿನ ಬಣ್ಣ ಅಳೆಯುವ ಸಾಧನ) ಕೊಂಡರೆ ಸರಿಹೋಗುವುದಿಲ್ಲ. ವೈಡ್ ಗ್ಯಾಮಟ್ ಅಂದರೆ ಬಣ್ಣದ ಹರವು ಮಾಮೂಲಿ ಮಾನಿಟರ್‌ಗಿಂತ ದೊಡ್ಡದು, ಹೆಚ್ಚು ಗಾಢ ಬಣ್ಣ ತೋರಿಸುತ್ತದೆ. ನಾನು ಬಾಗಲಕೋಟೆಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವವರಿಗೆ ಫೋಟೋ ತೆಗೆದುಕೊಡುತ್ತೇನೆ, ಈ ಕೆಂಪಿನ ಕಾಟ ಚೆನ್ನಾಗಿ ಗೊತ್ತು. ಸೆರಗು ನಿಮ್ಮ ಸ್ಕ್ರೀನ್ ಮೇಲೆ ಉರಿಯುವ ಹಾಗೆ ಕಾಣುತ್ತದೆ, ಜಾಸ್ತಿ ಆಯಿತು ಅಂತ ನೀವು ಬಣ್ಣ ಇಳಿಸುತ್ತೀರಿ, ಆಮೇಲೆ ಗಿರಾಕಿಯ ಫೋನಿನಲ್ಲಿ ಅದೇ ಸೆರಗು ಮಾಸಿದ ಹಾಗೆ ಕಾಣುತ್ತದೆ. ಹೌದಲ್ವಾ?

ಫೋಟೋ ಫೈಲಿನಲ್ಲಿ ಇರುವುದು ಅಂಕಿಗಳು ಮಾತ್ರ. ಹೆಚ್ಚಿನ ಫೋಟೋಗಳ ಅಂಕಿ ಎಸ್‌ಆರ್‌ಜಿಬಿ ಅನ್ನುವ ಲೆಕ್ಕದಲ್ಲಿರುತ್ತವೆ, ಯಾವ ಅಂಕಿಗೆ ಯಾವ ಬಣ್ಣ ಅಂತ ಅದು ಹೇಳುತ್ತದೆ. ಅದನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಆ ಕಾಲದ ಡಬ್ಬಾ ಮಾನಿಟರ್‌ಗಳಿಗೆ ಹೊಂದುವಂತೆ ಮಾಡಿದ್ದು. ಕೆಂಪಿನ ಗರಿಷ್ಠ ಅಂಕಿ 255 ಅಂದರೆ ಆ ಲೆಕ್ಕದಲ್ಲಿ ಒಂದು ಕೆಂಪು, ನಿಮ್ಮ ಹೊಸ ಮಾನಿಟರ್‌ನಲ್ಲಿ ಅದಕ್ಕಿಂತ ತುಂಬಾ ಗಾಢವಾದ ಇನ್ನೊಂದು ಕೆಂಪು. ಫೋಟೋಶಾಪ್, ಲೈಟ್‌ರೂಮ್ ಮಾನಿಟರ್‌ನ ಪ್ರೊಫೈಲ್ (ಅದು ಬಣ್ಣ ಹೇಗೆ ತೋರಿಸುತ್ತದೆ ಅಂತ ಹೇಳುವ ಫೈಲು) ಓದಿ ಈ ವ್ಯತ್ಯಾಸ ಸರಿಮಾಡಿ ತೋರಿಸುತ್ತವೆ. ಪ್ರೊಫೈಲ್ ಕಡೆ ನೋಡದ ಪ್ರೋಗ್ರಾಂಗಳು ಇನ್ನೂ ಬೇಕಾದಷ್ಟಿವೆ, ಅಲ್ಲಿ ಕೆಂಪು ಹಾಗೇ ಉರಿಯುತ್ತದೆ. ಕ್ಯಾಲಿಬ್ರೇಷನ್ ಸಾಮಾನ್ಯವಾಗಿ ಹೊಂದಿಸುವುದು ಬಿಳಿ, ಬೆಳಕು, ಗಾಮಾ (ಕಪ್ಪು ಬಿಳಿ ನಡುವಿನ ಛಾಯೆಗಳು ಎಷ್ಟು ಬೆಳಗಬೇಕು ಅನ್ನುವುದು) ಇಷ್ಟನ್ನೇ, ಬಣ್ಣದ ಹರವನ್ನು ಅದು ಕಿರಿದು ಮಾಡುವುದಿಲ್ಲ. ಹಾರ್ಡ್‌ವೇರ್ ಕ್ಯಾಲಿಬ್ರೇಷನ್, ಅಂದರೆ ಹೊಂದಾಣಿಕೆ ಮಾನಿಟರ್ ಒಳಗೇ ಆಗುವ ಸೌಲಭ್ಯ, ಇರುವ ದುಬಾರಿ ಮಾನಿಟರ್ ಆದರೆ ಮಾತು ಬೇರೆ.

ನಿಮ್ಮ ಫೋಟೋ ಹೋಗುವುದು ವಾಟ್ಸಾಪ್, ಇನ್‌ಸ್ಟಾಗ್ರಾಂಗೆ ಆದರೆ ಮೊದಲು ಮಾನಿಟರ್‌ನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿ. ಕೆಲವು ಮಾನಿಟರ್‌ಗಳಲ್ಲಿ ಈ ಮೋಡ್ ಹಾಕಿದ ತಕ್ಷಣ ಬ್ರೈಟ್‌ನೆಸ್ ಲಾಕ್ ಆಗುತ್ತದೆ, ಯಾಕೆ ಹೀಗೆ ಮಾಡುತ್ತಾರೋ ದೇವರೇ ಬಲ್ಲ! ಇಷ್ಟೊಂದು ದುಡ್ಡು ಕೊಟ್ಟು ಹರವು ಕಟ್ಟಿಹಾಕುವುದಾ ಅಂತ ಬೇಜಾರಾಗಬಹುದು, ಆದರೆ ಆ ಹೆಚ್ಚಿನ ಹರವು ಕೆಲಸಕ್ಕೆ ಬರುವುದು ಒಳ್ಳೆಯ ಪ್ರಿಂಟ್ ತೆಗೆಸುವಾಗ.

ಕ್ಯಾಲಿಬ್ರೇಟರ್ ಆಮೇಲೆ. ಕೊಳ್ಳಿ, ಅಥವಾ ಗೊತ್ತಿರುವ ಆಲ್ಬಂ ಡಿಸೈನರ್ ಹತ್ತಿರ ಒಂದು ದಿನಕ್ಕೆ ಕೇಳಿ ತನ್ನಿ, ಸಾಕು. ಮಾನಿಟರ್ ಅರ್ಧ ಗಂಟೆ ಓಡಲಿ, ಕಿಟಕಿಯ ಪರದೆ ಎಳೆಯಿರಿ, ನಮ್ಮ ಕಡೆಯ ಬಿಸಿಲು ಸ್ಕ್ರೀನ್ ಮೇಲೆ ಬಿದ್ದರೆ ಏನು ಅಳೆದೂ ಸುಖವಿಲ್ಲ. ರಾತ್ರಿ ಸ್ಕ್ರೀನ್ ಹಳದಿ ಮಾಡುವ ನೈಟ್ ಲೈಟ್ ಬಂದ್ ಮಾಡಿ. ಅಳತೆ ಮಾಡಿಸುವ ಡಿಸ್‌ಪ್ಲೇಕ್ಯಾಲ್ ಅನ್ನುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಬಿಳಿ ಡಿ65 (ಹಗಲು ಬೆಳಕಿನ ಬಿಳಿ), ಗಾಮಾ 2.2, ಬೆಳಕು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಇಡಿ. ಅಲ್ಲೇ ‘ಕರೆಕ್ಷನ್’ ಅಂತ ಒಂದು ಆಯ್ಕೆ ಇದೆ, ಅದನ್ನು ಬಿಡಬೇಡಿ. ವೈಡ್ ಗ್ಯಾಮಟ್ ಮಾನಿಟರ್‌ನ ಎಲ್‌ಇಡಿ ಬೆಳಕು ಮಾಮೂಲಿ ಎಲ್‌ಇಡಿಗಿಂತ ಬೇರೆ, ನಿಮ್ಮ ಮಾನಿಟರ್‌ನ ಬೆಳಕಿನ ಜಾತಿ ಯಾವುದು ಅಂತ ಹೇಳದಿದ್ದರೆ ಸಾಧನ ತಪ್ಪು ಓದುತ್ತದೆ, ಬಿಳಿ ನಸು ಹಸಿರಾಗಿಯೋ ಗುಲಾಬಿಯಾಗಿಯೋ ಕೂತುಬಿಡಬಹುದು. ಮೋಡ್ ಬದಲಿಸಿದರೆ ಪ್ರೊಫೈಲೂ ಬೇರೆ ಬೇಕು.

ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿಗೆ ಬದಲಿಸಿ, ಆ ಎಸ್‌ಆರ್‌ಜಿಬಿ ಪ್ರೊಫೈಲ್ ಫೋಟೋ ಫೈಲಿನೊಳಗೇ ಇರಲಿ. ಇಷ್ಟಾದ ಮೇಲೂ ಸೆರಗಿನ ನೇಯ್ಗೆ ಕಾಣದೆ ಸಪಾಟು ಕೆಂಪಾದರೆ ಅದು ಮಾನಿಟರ್ ತಪ್ಪಲ್ಲ, ಕ್ಯಾಮೆರಾದಲ್ಲೇ ಕೆಂಪು ಚಾನೆಲ್ (ಕೆಂಪಿನ ಅಂಕಿ) ಗರಿಷ್ಠ ಮುಟ್ಟಿ ತುಂಬಿಹೋಗಿರಬಹುದು. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ಮತ್ತೆ ತೆಗೆಯಿರಿ.