ಕನ್ನಡದ ಸಂಡೂರಿನಲ್ಲಿ ಮರಾಠಾ ದೊರೆಗಳು ಇದ್ದದ್ದು ಹೇಗೆ?

ಬಳ್ಳಾರಿ ಸೀಮೆಯ ನಡುವೆ ಘೋರ್ಪಡೆ ಎಂಬ ಮರಾಠಾ ಮನೆತನದ ಶಿವವಿಲಾಸ ಅರಮನೆಯನ್ನು ಕಂಡು, ಸಂಡೂರು ಹಿಂದೆ ಮಹಾರಾಷ್ಟ್ರಕ್ಕೆ ಸೇರಿತ್ತೇ ಎಂದು ತಾವು ಕೇಳಿದ್ದೀರಿ. ಇಲ್ಲ. ದೊರೆಗಳು ಮರಾಠರಾಗಿದ್ದರೂ ಸೀಮೆ ಕನ್ನಡದ್ದೇ ಆಗಿತ್ತು. ಸುತ್ತಲಿನ ಬಳ್ಳಾರಿ ಜಿಲ್ಲೆಯು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೂ ಈ ಪುಟ್ಟ ಸಂಸ್ಥಾನ ಮಾತ್ರ ದ್ವೀಪದಂತೆ ಬೇರೆಯಾಗಿ ಉಳಿದಿತ್ತು.

ಹಾಗೆ ಉಳಿಯಲು ಬೆಟ್ಟಗಳ ಆಸರೆಯೂ ಒಂದು ಕಾರಣವೆಂದು ನನ್ನ ಅನಿಸಿಕೆ. ಸಂಡೂರು ಇರುವುದು ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿ. ನಾರಿಹಳ್ಳವು ಆ ಸಾಲುಗಳನ್ನು ಕೊರೆದು ಹರಿಯುವ ಇಕ್ಕಟ್ಟಾದ ಜಾಗಗಳನ್ನು ನಾವು ಓಬಳಗಂಡಿ, ಭೀಮಗಂಡಿ ಎನ್ನುತ್ತೇವೆ. ಗಂಡಿಯನ್ನು ಕಾಯ್ದವನಿಗೆ ಕಣಿವೆ ದಕ್ಕುತ್ತಿತ್ತು.

1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆಯು ಬೇಡ ಪಾಳೆಯಗಾರರಿಂದ ಈ ಸೀಮೆಯನ್ನು ಗೆದ್ದುಕೊಂಡನು. ಅವನ ಮಗನೇ ಗುತ್ತಿಯ (ಇಂದಿನ ಆಂಧ್ರದ ಊರು) ಪ್ರಸಿದ್ಧ ಸೇನಾನಿ ಮುರಾರಿರಾವ್. 1776ರಲ್ಲಿ ಹೈದರಾಲಿಯು ಗುತ್ತಿಯ ಕೋಟೆಯನ್ನು ಹಿಡಿದಾಗ ಮುರಾರಿರಾವ್ ಸೆರೆಯಾಗಿ, ಸೆರೆಯಲ್ಲಿಯೇ ತೀರಿಕೊಂಡನು, ಸಂಡೂರೂ ಕೈತಪ್ಪಿತು. ಟಿಪ್ಪುವಿನ ಕಾಲದ ಕೊನೆಯ ವರ್ಷಗಳಲ್ಲಿ ಮನೆತನದವರು ಅದನ್ನು ಮರಳಿ ಪಡೆದರೇನೋ ನಿಜ, ಆದರೆ ಸ್ವಜನರಾದ, ಪುಣೆಯಿಂದ ಮರಾಠಾ ರಾಜ್ಯವನ್ನು ಆಳುತ್ತಿದ್ದ ಪೇಶ್ವೆಯವರ ಕಣ್ಣೇ ಅದರ ಮೇಲೆ ಬಿದ್ದಿತು. 1815ರಲ್ಲಿ ಪೇಶ್ವೆ ಎರಡನೆಯ ಬಾಜಿರಾಯನು ಸಂಡೂರಿನ ಬೆಟ್ಟದಲ್ಲಿರುವ ಕುಮಾರಸ್ವಾಮಿ ದೇವರ ದರ್ಶನದ ನೆಪ ಹೂಡಿ ದಂಡಿನೊಡನೆ ಬಂದಾಗ, ಆಗಿನ ದೊರೆ ಶಿವರಾವ್ ಘೋರ್ಪಡೆಯು ದಾರಿಯನ್ನು ಕಟ್ಟಿ, ಕೆಲವೇ ಪರಿವಾರದವರೊಡನೆ ಗುಡಿಗೆ ಹೋಗಿಬರಲು ಬಿಟ್ಟನಂತೆ. ದೇವರ ದರ್ಶನವನ್ನು ತಪ್ಪಿಸಿದ ಅಪವಾದವೂ ಇಲ್ಲ, ರಾಜ್ಯ ಕಳೆದುಕೊಂಡ ನಷ್ಟವೂ ಇಲ್ಲ! ಕಡೆಗೆ ಪೇಶ್ವೆಯ ಒತ್ತಾಯದ ಮೇರೆಗೆ 1817ರಲ್ಲಿ ಬ್ರಿಟಿಷ್ ಅಧಿಕಾರಿ ಮನ್ರೋ ಸೈನ್ಯದೊಂದಿಗೆ ಬಂದು ಸಂಡೂರನ್ನು ವಶಪಡಿಸಿಕೊಂಡನಾದರೂ, ಮರುವರ್ಷವೇ ಪೇಶ್ವೆಯ ಅಧಿಕಾರವೇ ಅಳಿದುಹೋದುದರಿಂದ ಬ್ರಿಟಿಷರು ಅದನ್ನು ಶಿವರಾಯನಿಗೆ ಹಿಂದಿರುಗಿಸಿ, 1826ರಲ್ಲಿ ಸನದು (ಅಧಿಕೃತ ಹಕ್ಕುಪತ್ರ) ಬರೆದುಕೊಟ್ಟರು.

ಮುಂದಿನ ನೂರು ವರ್ಷಗಳಲ್ಲಿ ಹೇಳಿಕೊಳ್ಳುವಂತಹ ಕಾಳಗಗಳಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಅದಿರಿನ ಗಣಿಗಾರಿಕೆ ತೊಡಗಿತು. ನಮ್ಮ ಹಿರಿಯರು ಅಭಿಮಾನದಿಂದ ಹೇಳುವುದು ಮಾತ್ರ ಕಡೆಯ ದೊರೆ ಯಶವಂತರಾವ್ ಘೋರ್ಪಡೆಯವರ ವಿಷಯ: ತಿರುವಾಂಕೂರಿನ 1936ರ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೆ ಮೊದಲೇ, 1932ರಲ್ಲಿ, ಅವರು ಸಂಸ್ಥಾನದ ದೇವಾಲಯಗಳನ್ನು ಹರಿಜನರಿಗೆ ತೆರೆಸಿದ್ದರು. ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದರು.

1949ರಲ್ಲಿ ಸಂಸ್ಥಾನವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. 1953ರಲ್ಲಿ ಆ ಜಿಲ್ಲೆಯೇ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದಾಗ ಸಂಡೂರು ಮೈಸೂರು ರಾಜ್ಯಕ್ಕೆ ಸೇರಿತು. ದೊರೆಯ ಮಗ ಎಂ. ವೈ. ಘೋರ್ಪಡೆಯವರು ಪ್ರಜೆಗಳ ಬಳಿ ಮತ ಕೇಳಿ ಶಾಸಕರಾಗಿ, ದೇವರಾಜ ಅರಸು ಅವರ ಸಂಪುಟದಲ್ಲಿ ಹಣಕಾಸು ಸಚಿವರಾದರು.